ನೂರೈವತ್ತು ರೂಪಾಯಿ ದೆವ್ವ

ಸಾಲಿಯಿಂದ ಬಂದಾಕಿ ಪಾಟೀಚೀಲ ಒಗದು
ಮಗಳು ಹೇಳಿದ್ಲು: ಶುಕ್ರವಾರ ಹ್ಯಾಲೊವೀನ್ ಅಂತ,
ಗೆಳತ್ಯಾರು ಆರು ಮಂದಿ ನಮ್ಮನಿಗೆ ಬರ್ತಾರಂತ,
ಮನಿ ನೋಡಿದ್ರ ಅಂಜಿಕಿ ಬರಬೇಕಂತ.
ಈಗ ಬರೂದಿಲ್ಲೇನು, ಅಂದ್ರು ಇವರು
ಕರೆಂಟ್ ಬಿಲ್ಲು ಕೈಯಾಗ ಹಿಡಕೊಂಡು.

ಸುಪ್ರಭಾನ ಮನ್ಯಾಗ ಎಂಟುನೂರಿನ ಅಸ್ಥಿಪಂಜರ
ಕೊರಿಯರಿನ್ಯಾಗ ಬಂದೈತಿ, ಕಣ್ಣಾಗ ಕೆಂಪು ದೀಪ.
ನಾ ಸಾಸಿವಿ ಡಬ್ಬಿ ತಗದೆ.
ನೂರರದೊಂದು, ಐವತ್ತರದೊಂದು.
ಇಷ್ಟರಾಗ ಎಷ್ಟು ದೆವ್ವ ಬರ್ತಾವೋ ಅಷ್ಟು.

ಪ್ರೆಸ್ಸಿನ್ಯಾಗ ನನ್ನ ಕೆಲಸ ಹೊಲಿಗಿ ಹಾಕೂದು.
ಮಸಿ ಹೆಚ್ಚಾಗಿ ಕೆಟ್ಟ ಹಾಳಿ ರದ್ದಿಗೆ ಹೋಗ್ತಿದ್ವು.
ಕರೇ ಹಾಳಿ ಯಾಕವ್ವಾ, ಮಾಲಕರು ಕೇಳಿದ್ರು.
ಬಾವಲಿ ಮಾಡಾಕ, ಅಂದೆ.
ಭಾಳ ಹೊತ್ತು ನನ್ನ ಮಾರಿ ನೋಡಿ
ಇನ್ನೊಂದು ಕಟ್ಟು ಕೊಟ್ರು.
ರೆಕ್ಕಿ ಹೊಳ್ಳಿಸಿದ್ರ ಒಳಗ ಯಾರದೋ ಮದುವಿ:
ಒಂದರಾಗ ಚಿ. ಕುಂ. ಸೌ., ಹೆಸರು ಮಸ್ಯಾಗ ಮುಳುಗಿ,
ಇನ್ನೊಂದರಾಗ ಬರೇ ಆಗಮನಾಭಿಲಾಷಿಗಳು.

ಸಂತ್ಯಾಗ ಕುಂಬಳ ಮಾರಾಕಿ ಕೇಳಿದ್ಲು,
ದೃಷ್ಟಿ ತಗ್ಯಾಕೋ, ಪಲ್ಯಾಕೋ?
ಮಾರಿ ಕೊರ್ಯಾಕ, ಅಂದೆ.
ಹಂಗಾರ ಹೊಟ್ಟಿ ದೊಡ್ಡದಿದ್ದದ್ದು ತಗೋ, ನಲವತ್ತು ಕೊಡು,
ಅಂದ್ಲು, ಅಂಥಾ ಗಿರಾಕಿ ದಿನಾ ಬರೂಹಂಗ.

ಹೆಣ್ಮಕ್ಕಳು ಇಡೀ ಕುಂಬಳಕ್ಕ ಮೊದಲ ಚಾಕು ಹಾಕಬಾರದು,
ಅತ್ತಿ ಕಟ್ಟಪ್ಪಣಿ. ಇವರು ಗೀರಿದ್ರು, ಮೂಗು ಸೊಟ್ಟಾತು.
ಇರಲಿ ಬಿಡಪ್ಪಾ, ಥೇಟ್ ಗುರಪಾದ ಕಾಕಾ, ಅಂದ್ಲು ಮಗಳು.

ಬಲಿ ಮಾತ್ರ ರೊಕ್ಕಾ ಕೇಳಲಿಲ್ಲ.
ಬೆಟಗೇರಿ ಓಣ್ಯಾಗ ನೂಲಿಗೇನು ಬರ?
ತುಂಡಾದ ಎಳಿ, ಗಂಟು ಬಿದ್ದ ಎಳಿ
ಜಂತಿಗೆ ಕಟ್ಟಿ, ಮೂಲಿಗೆ ಜಗ್ಗಿ, ನಡುವ ಹೊಕ್ಕು ಹಾಕ್ತಾ ಹೋದ್ರು ಇವರು.
ಪವರ್‌ಲೂಮಿನ ಪಗಾರಕ್ಕ ಗುಂಡಿ ಒತ್ತೋ ಬೆರಳು
ಎಷ್ಟೋ ದಿನದ ಮ್ಯಾಲ ತಮ್ಮ ಕೆಲಸ ತಾವು ಮಾಡಿದ್ವು.
ಹಬ್ಬಕ್ಕ ಬಲಿ ಝಾಡಿಸಿ ಹತ್ತು ದಿನಾ ಆಗಿಲ್ಲ,
ಕಟ್ಟಾಕ ಕುಂತಾನ ನನ ಮಗಾ! ಅತ್ತಿ ಒದರಿದ್ರು.
ಜೇಡ ಅಂದ್ರ ಹುಳಾನೂ ಹೌದು, ನಾವೂ ಹೌದು,
ನಾವಲ್ಲದಽ ಮತ್ಯಾರು ಕಟ್ಟಬೇಕವ್ವಾ?

ನಡುಮನ್ಯಾಗ ಕುಣಿಮಗ್ಗ.
ಮಾವನೋರು ಹೋದ ಮ್ಯಾಲ ಅದರಾಗ ಯಾರೂ ಕಾಲು ಇಳಿಬಿಟ್ಟಿಲ್ಲ.
ಅವರದಽ ಹಳೇ ಧೋತರ ಅದಕ್ಕ ಹೊಚ್ಚಿದೆ.
ಅದಕ್ಕೂ ಖರ್ಚಿಲ್ಲ.

ಶುಕ್ರವಾರ ಸಂಜಿ ದೀಪಾ ಆರಿಸಿದ್ವಿ.
ಗದಗಿನ ಗಾಳಿ, ಕರದ್ರೂ ಬರತೈತಿ, ಕರೀದಿದ್ರೂ.
ಬಾವಲಿ ಬಡಬಡಿಸಿದ್ವು, ಮೇಣಬತ್ತಿ ನಾಲಿಗಿ ಚಾಚಿತು.
ಎಂಟುನೂರಿನ ಅಸ್ಥಿಪಂಜರ ಕಂಡು ಬಂದ ಹುಡಿಗ್ಯಾರು
ಸೊಟ್ಟ ಮೂಗು ನೋಡಿ ಹೊಟ್ಟಿ ಹಿಡಕೊಂಡು ನಕ್ಕರು.
ಆವಾಗ ಕತ್ತಲದಾಗ ಒಬ್ಬಾಕಿ
ಧೋತರದ ಸಂದ್ಯಾಗ ಜೋತಾಡೂ ಹಗ್ಗ ಜಗ್ಗಿದ್ಲು.

ಟಕ್.
ಲಾಳಿ ಓಡಿತು.
ಟಕ್. ಹೊಳ್ಳಿ ಬಂತು.

ಹುಡಿಗ್ಯಾರು ಚೀರಿ ಅಂಗಳಾ ಬಿದ್ರು,
ಒಬ್ಬಾಕಿ ಚಪ್ಪಲಿ ಇಲ್ಲೇ ಬಿಟ್ಟು.
ಅಡಗಿಮನ್ಯಾಗಿಂದ ಅತ್ತಿ
ರೊಟ್ಟಿ ಬಡಿಯೂದು ನಿಲ್ಲಿಸದಽ ಅಂದ್ರು,
ಸಾಕೇಳ್ರಿ, ಊಟಾ ಆರತೈತಿ.
ಅಂದು,
ಆಮ್ಯಾಲ ನಿಲ್ಲಿಸಿದ್ರು.

ಮರುದಿನ ಕುಂಬಳದ ಮಾರಿ ಪಲ್ಯಾ ಆತು,
ಕಾಕಾನ ಮೂಗು ಮಗಳ ಗಂಗಾಳಕ್ಕ ಬಿತ್ತು.
ಚಾಕಲೇಟು, ಡಿಂಕು, ಮೇಣಬತ್ತಿ ಕಳದು
ಉಳದದ್ದು ಮೂವತ್ತೆಂಟು. ಅದರಾಗ
ರಾಜ್ಯೋತ್ಸವಕ್ಕ ಹಳದಿ-ಕೆಂಪು ಬಾವುಟಾ ತಂದ್ಲು.
ಧೋತರ ಅತ್ತಿ ತಾವಽ ತಗದು ಒಗದು ಮಡಚಿಟ್ರು.
ಬಲಿ ಬಿಚ್ಚಾಕ ಹೋದ್ರ, ಇರಲಿ ಅಂದ್ರು.

ವಾರದ ಮ್ಯಾಲ ನೋಡ್ತೀನಿ,
ಮೂಲ್ಯಾಗ ಖರೇ ಜೇಡ ಬಂದು ಕುಂತೈತಿ.
ಇವರ ಎಳಿ ಒಂದೂ ಮುಟ್ಟಿಲ್ಲ.
ಪಕ್ಕಕ್ಕ ತನ್ನದಽ ಬ್ಯಾರೆ ಹಾಸು ಹೂಡೇತಿ.
ನಮ್ಮ ಗಂಟು ಪಸಂದ ಬರಲಿಲ್ಲೋ ಏನೋ.